ಹಳೇದು ಚಾರ್ಜ್ ಬಿಡ್ತಾ ಇಲ್ಲ

ಅಳಿಯನನ್ನು 'ನೀನು' ಎನ್ನುವುದೋ 'ನೀವು' ಎನ್ನುವುದೋ ಎಂಬ ಒಂದೇ ಒಂದು ಪ್ರಶ್ನೆಯಲ್ಲಿ ಮಾವನವರು ಮಗಳ ಮದುವೆಯ ದಿನದಿಂದಲೂ ಸಿಕ್ಕಿಹಾಕಿಕೊಂಡಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದ ಮನುಷ್ಯ. ಯಾವ ಮಾತಿಗೆ ಎಷ್ಟು ತೂಕ ಎಂದು ನೋಡದೆ ಬಾಯಿ ಬಿಡುವವರಲ್ಲ. ಮಗಳ ಗಂಡನನ್ನು 'ನೀನು' ಎಂದರೆ ಸಂಬಂಧದ ತೂಕ ಕಡಿಮೆಯಾಗುತ್ತದೆ. 'ನೀವು' ಎಂದರೆ ಆಸಾಮಿಯ ತೂಕ ಇರುವುದಕ್ಕಿಂತ ಹೆಚ್ಚಾಗುತ್ತದೆ. ಎರಡರ ನಡುವೆ ನಿಲ್ಲುವಂಥ ಒಂದು ಪದವನ್ನು ನಮ್ಮ ಹಿರಿಯರು ಮಾಡಿಡಲಿಲ್ಲ. ಹೀಗಾಗಿ ಮಾವನವರು ಅಳಿಯಂದಿರ ಜೊತೆ ನೇರವಾಗಿ ಮಾತಾಡುವುದನ್ನೇ ಕೈಬಿಟ್ಟರು.

ಜಗಳವೇನೂ ಇಲ್ಲ ಮತ್ತೆ. ಮಾತೆಲ್ಲ ಮಗಳ ಮೂಲಕ ನಡೆಯುತ್ತಿತ್ತು, ಅಷ್ಟೆ.

"ನಿನ್ನ ಯಜಮಾನರಿಗೆ ಇನ್ನೊಂದು ಲೋಟ ಕಾಫಿ ಬೇಕಾ ಕೇಳಮ್ಮ."

ಯಜಮಾನರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲೇ ಕೂತಿರುತ್ತಿದ್ದರು.

"ರೀ, ಕಾಫಿ ಬೇಕಾ ಅಂತ ಅಪ್ಪ ಕೇಳ್ತಿದಾರೆ."

"ಸಾಕು ಅಂತ ಹೇಳು."

"ಸಾಕಂತೆ ಅಪ್ಪ."

ಮಗಳು ಅಡುಗೆಮನೆಯಲ್ಲಿದ್ದರೆ ಮಾವನವರು ಸೀಲಿಂಗ್ ಫ್ಯಾನಿನ ಜೊತೆ ಮಾತಾಡುತ್ತಿದ್ದರು. "ಒಳಗೆ ಬಂದವರು ಬಾಗಿಲು ಹಾಕಿದ್ರೆ ಸೊಳ್ಳೆ ಬರಲ್ಲ" ಎಂದು ಫ್ಯಾನಿಗೆ ಹೇಳುವರು. ಫ್ಯಾನು ಸುಮ್ಮನೆ ತಿರುಗುತ್ತಿತ್ತು, ಅಳಿಯಂದಿರು ಎದ್ದು ಹೋಗಿ ಬಾಗಿಲು ಹಾಕುತ್ತಿದ್ದರು.

ಅಳಿಯಂದಿರಿಗೆ ಸ್ವಂತ ಹೆಸರೊಂದು ಇತ್ತು. ಆದರೆ ಮಾವನವರಿದ್ದ ಕಟ್ಟಡದಲ್ಲೇ, ಅವರ ತಲೆಯ ಮೇಲಿನ ಮಹಡಿಯಲ್ಲೇ ಮನೆ ಮಾಡಿದ್ದರಿಂದ ಹಾಲಿನವನಿಂದ ಹಿಡಿದು ಎಲ್ಲರಿಗೂ ಅವರು ಅಳಿಯಂದಿರೇ. ಬಸ್ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುವ ಕೆಲಸ. ಅವರನ್ನು ಕೇಳಿ ಬಸ್ ಹತ್ತಿದವರು ಹೇಗೋ ಒಂದು ಊರು ಸೇರುತ್ತಿದ್ದರು, ಬಹಳ ಸಲ ತಮ್ಮದೇ ಊರು. ಒಳ್ಳೆಯ ಮನಸ್ಸು, ಆದರೆ ಕೈ ಹಾಕಿದ ಕೆಲಸ ಕೈಗೆ ಹತ್ತದು. ಇಂಥವರಿಗೆ ಬದುಕಿನಲ್ಲಿ ಇದ್ದ ಆಸೆ ಒಂದೇ. ಮಾವ ಒಂದು ಸಲ, ಒಂದೇ ಒಂದು ಸಲ, ತಮ್ಮ ಮುಖ ನೋಡಿ ತಮ್ಮ ಜೊತೆಗೇ ಮಾತಾಡಬೇಕು. ಕಾಫಿ ಬೇಕಾ ಎಂದಾದರೂ ಸರಿ, ಬಾಗಿಲು ಹಾಕು ಎಂದಾದರೂ ಸರಿ.

ಈ ಆಸೆಗೆ ದಾರಿ ತೋರಿಸಿದ್ದು ಒಂದು ಟೀವಿ.

ಮಾವನವರ ಮನೆಯ ಅಟ್ಟದ ಮೇಲೆ ಒಂದು ಕಪ್ಪು ಬಿಳುಪು ಟೀವಿ ಇತ್ತು. ಮರದ ಪೆಟ್ಟಿಗೆ, ಎರಡು ಕಡೆಯಿಂದ ಎಳೆದು ಮುಚ್ಚುವ ಶಟರು, ಕೆಳಗೆ ನಾಲ್ಕು ಕಾಲು. ಒಂದು ಕಾಲದಲ್ಲಿ ಇಡೀ ಬೀದಿಗೆ ಅದೊಂದೇ ಟೀವಿ. ಸಂಜೆಯಾದರೆ ಬೀದಿಗೆ ಬೀದಿಯೇ ಬಂದು ಅವರ ಮುಂಗೋಣೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು. ಮಾವನವರು ಪಕ್ಕದಲ್ಲಿ ನಿಂತು ಗುಂಡಿ ತಿರುಗಿಸುವರು. ಅಷ್ಟು ಜನ ಒಟ್ಟಿಗೆ ತಮ್ಮ ಕೈಯನ್ನೇ ನೋಡುವ ಆ ಸುಖ ಅವರಿಗೆ ಆಮೇಲೆ ಇಲಾಖೆಯಲ್ಲೂ ಸಿಗಲಿಲ್ಲ. ಈಚೆಗೆ ಅಟ್ಟ ಗುಡಿಸುವಾಗ, "ಇದನ್ನ ಹಳೇ ಸಾಮಾನಿನವನಿಗೆ ಕೊಟ್ಟುಬಿಡಮ್ಮ, ಯಾರೂ ರಿಪೇರಿ ಮಾಡಲ್ಲ" ಎಂದು ಮಗಳಿಗೆ ಹೇಳಿದರು. ಹೇಳಿ, ಆ ರಾತ್ರಿ ಹಸಿವಿಲ್ಲ ಎಂದು ಮಲಗಿಬಿಟ್ಟರು.

ಮಗಳು ಕೊಡಲಿಲ್ಲ. ಅಪ್ಪ ಪೇಟೆಗೆ ಹೋದಾಗ ಗಂಡನ ಕೈಲಿ ಹೊರಿಸಿ ಮೇಲಿನ ಮನೆಗೆ ಸಾಗಿಸಿದಳು.

"ನಾನೇ ರಿಪೇರಿ ಮಾಡ್ತೀನಿ" ಎಂದರು ಅಳಿಯಂದಿರು.

ಹೆಂಡತಿ ಅವರನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಹಿಂದೊಮ್ಮೆ ಅವರು ಮನೆಯ ಫ್ಯಾನಿಗೆ ಹೊಸ ಕಂಡೆನ್ಸರ್ ಹಾಕಿದ್ದುಂಟು. ಫ್ಯಾನು ಚೆನ್ನಾಗಿಯೇ ತಿರುಗಿತು. ನಿಲ್ಲಿಸಬೇಕಾದರೆ ಮಾತ್ರ ಮನೆಯ ಮೇನ್ ಸ್ವಿಚ್ಚನ್ನೇ ಆರಿಸಬೇಕಾಗಿತ್ತು.

"ನಿಮ್ಮ ಕೈಲಿ ಆಗುತ್ತೇನ್ರೀ?"

"ಫ್ಯಾನಲ್ಲಿ ಇರೋದೂ ಕಂಡೆನ್ಸರೇ, ಟೀವೀಲಿ ಇರೋದೂ ಕಂಡೆನ್ಸರೇ. ಅಪ್ಪನಿಗೆ ಮಾತ್ರ ಗೊತ್ತಾಗ್ಬಾರದು. ಚಿತ್ರ ಬಂದ ಮೇಲೆ ಎದುರಿಗೆ ಇಟ್ರೆ ಅವರು ಮಾತಾಡ್ಲೇಬೇಕು ನೋಡು."

"ನನ್ನ ಹತ್ರ ಮಾತಾಡ್ತಾರೆ" ಎಂದಳು ಹೆಂಡತಿ. ಆದರೂ ಬೇಡ ಎನ್ನಲಿಲ್ಲ.

ಹಳೆಯ ರೇಡಿಯೋ, ಟೀವಿ ಬಲ್ಲ ರಿಪೇರಿಯವರೊಬ್ಬರು ಊರಿನ ಆ ತುದಿಯಲ್ಲಿದ್ದರು. ಮಂಡಿನೋವು, ಮಹಡಿ ಹತ್ತುವುದಿಲ್ಲ. ಅಂಥ ಪೆಟ್ಟಿಗೆಯನ್ನು ಹೊತ್ತುಕೊಂಡು ಅವರಲ್ಲಿಗೆ ಹೋಗುವುದು ಅಳಿಯಂದಿರಿಂದ ಆಗುವುದಿಲ್ಲ. ಹಾಗಾಗಿ ಫೋನಿನಲ್ಲೇ ಸಲಹೆ ಎಂದಾಯಿತು. ಜೀವಮಾನವೆಲ್ಲ ಧ್ವನಿವರ್ಧಕಗಳ ಎದುರಿಗೆ ಕೂತು ಆ ರಿಪೇರಿಯವರ ಕಿವಿ ಹೋಗಿತ್ತು, ಕಿರುಚಿದರೆ ಮಾತ್ರ ಕೇಳುತ್ತಿತ್ತು. ಅಳಿಯಂದಿರ ಮನೆಯೊಳಗೆ ಫೋನಿಗೆ ಸಿಗ್ನಲ್ ಇಲ್ಲ, ಮೆಟ್ಟಿಲ ತಿರುವಿನಲ್ಲಿ ನಿಂತರೆ ಮಾತ್ರ ಸಿಗುತ್ತಿತ್ತು. ಹೀಗೆ ಗುಟ್ಟಿನ ವ್ಯವಹಾರವೊಂದನ್ನು ಇಡೀ ಕಟ್ಟಡಕ್ಕೆ ಕೇಳುವ ಜಾಗದಲ್ಲಿ ನಿಂತು ಕಿರುಚಿ ಹೇಳುವ ಪರಿಸ್ಥಿತಿ ಬಂತು.

"ಟೀವಿ ಅನ್ನೋ ಮಾತು ಮಾತ್ರ ಎತ್ತಬೇಡಿ, ಕೆಳಗೆ ಅಪ್ಪ ಇದಾರೆ" ಎಂದು ಹೆಂಡತಿ ಎಚ್ಚರಿಸಿದಳು.

ಅಳಿಯಂದಿರು ಎತ್ತಲಿಲ್ಲ. ತಮ್ಮ ಜಾಣತನವನ್ನು ತಾವೇ ಮೆಚ್ಚಿಕೊಂಡು ಟೀವಿಗೆ 'ಹಳೇದು' ಎಂದು ಹೆಸರಿಟ್ಟರು. ಸ್ವಿಚ್ ಹಾಕಿ ನೋಡಿ ಆರಿಸಿದ್ದರೂ ಅದರ ಕಂಡೆನ್ಸರುಗಳು ಕರೆಂಟನ್ನು ಒಳಗೇ ಹಿಡಿದಿಟ್ಟುಕೊಂಡಿದ್ದವು.

ಈ ಕಟ್ಟಡದ ರಾಜಕೀಯವನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. ಕಟ್ಟಡ ಎದ್ದಾಗಿನಿಂದ ನಿವಾಸಿಗಳ ಸಂಘಕ್ಕೆ ಮಾವನವರೇ ಅಧ್ಯಕ್ಷರು. ತಾರಸಿಯ ಬೀಗದ ಕೈ, ನೀರಿನ ಪಂಪಿನ ಬೀಗದ ಕೈ, ಮೆಟ್ಟಿಲ ದೀಪದ ಸ್ವಿಚ್ಚು, ಎಲ್ಲ ಅವರ ಸುಪರ್ದಿಯಲ್ಲಿ. ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. ಚಾರ್ಜ್ ಬಿಟ್ಟುಕೊಡಿ ಎಂದು ಯಾರಾದರೂ ಕೇಳಿದರೆ "ನೋಡೋಣ" ಎನ್ನುವರು. ಸಮಿತಿಯಲ್ಲಿ ಅವರ ಜೊತೆ ಇನ್ನು ಮೂವರು: ಎರಡನೆಯ ಮಹಡಿಯ ಟೀಚರಮ್ಮ, ಟೀಚರಮ್ಮನ ಯಜಮಾನರು, ಮತ್ತು ಎಂದೋ ಮನೆ ಖಾಲಿ ಮಾಡಿಕೊಂಡು ಹೋದ ಒಬ್ಬರು. ವಿರೋಧ ಪಕ್ಷದಲ್ಲಿ ಮೂರನೆಯ ಮಹಡಿಯ ವಕೀಲರು ಒಬ್ಬರೇ. ಪ್ರತಿ ಸಲ ಬಟ್ಟೆ ಒಣಹಾಕಲು ತಾರಸಿಯ ಬೀಗದ ಕೈಗಾಗಿ ಮೂರು ಮಹಡಿ ಇಳಿದು ಮೂರು ಮಹಡಿ ಹತ್ತಿ ಅವರ ಪಕ್ಷ ಗಟ್ಟಿಯಾಗಿತ್ತು.

ಟೀಚರಮ್ಮ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ತಿರುವಿನಲ್ಲಿ ಅಳಿಯಂದಿರ ದನಿ ಕೇಳಿತು.

"ಹಲೋ, ನಾನೇ. ಹಳೇದರ ವಿಷಯ. ಹ-ಳೇ-ದು. ಹೊರಗಿನಿಂದ ನೋಡೋಕೆ ಗಟ್ಟಿಮುಟ್ಟಾಗಿದೆ, ಒಳಗೆಲ್ಲ ಸೋರ್ತಾ ಇದೆ. ಹೂಂ, ದೊಡ್ಡದು ಊದ್ಕೊಂಡು ಕೂತಿದೆ. ಅವಧಿ ಮುಗಿದು ಯಾವ ಕಾಲ ಆಯ್ತೋ, ಆದ್ರೂ ಚಾರ್ಜ್ ಬಿಡ್ತಾ ಇಲ್ಲ. ಏನು? ಚಾರ್ಜ್, ಚಾರ್ಜ್ ಬಿಡ್ತಾ ಇಲ್ಲ ಅಂದೆ. ಹತ್ರ ಹೋದ್ರೆ ಹೊಡಿಯುತ್ತೆ. ನಿನ್ನೆ ನನಗೇ ಹೊಡೀತು, ಕೈ ಇನ್ನೂ ಜುಮ್ ಅಂತಿದೆ."

ಟೀಚರಮ್ಮ ಅಲ್ಲೇ ಗೋಡೆಗೆ ಒರಗಿ ನಿಂತರು. ಅಧ್ಯಕ್ಷರು ಸ್ವಂತ ಅಳಿಯನ ಮೇಲೆ ಕೈ ಮಾಡಿದರೇ? ಅಳಿಯನ ಬಾಯಲ್ಲಿ ಮಾವ 'ಅದು' ಆಗಬೇಕಾದರೆ ಪಾಪ ಎಷ್ಟು ನೊಂದಿರಬೇಕು.

"ಚಿಕ್ಕವು ಮೂರಿದಾವೆ" ಎಂದು ಅಳಿಯಂದಿರು ಮುಂದುವರಿಸಿದರು. "ಒಣಗಿ ಹೋಗಿದಾವೆ. ಯಾವ ಕೆಲಸಕ್ಕೂ ಇಲ್ಲ, ಸುಮ್ನೆ ಜಾಗ ಹಿಡ್ಕೊಂಡಿವೆ. ನಾಲ್ಕನ್ನೂ ಕಿತ್ತುಹಾಕಿ ಹೊಸದು ಕೂರಿಸ್ತೀನಿ. ಭಾನುವಾರದೊಳಗೆ."

ಟೀಚರಮ್ಮನ ಕನಿಕರ ಅಲ್ಲಿಗೆ ನಿಂತಿತು. ಅವರು ಸ್ವಲ್ಪ ತೆಳ್ಳಗಿದ್ದದ್ದು ನಿಜ. ಅದನ್ನು ಒಣಗಿ ಹೋಗಿರುವುದು ಎಂದು ಈವರೆಗೆ ಯಾರೂ ಅಂದಿರಲಿಲ್ಲ. ಮನೆಗೆ ಹೋಗಿ ಚೀಲ ಇಟ್ಟರು, ನೀರು ಕುಡಿದರು, ಯೋಚಿಸಿದರು. ಹೇಗೂ ಕೀಳುತ್ತಾರೆ ಎಂದ ಮೇಲೆ ಕೀಳುವವರ ಕಡೆ ಸೇರುವುದು ಲೇಸೆಂದು ತೋರಿತು. ನೇರವಾಗಿ ಮೂರನೆಯ ಮಹಡಿಗೆ ಹತ್ತಿ ವಕೀಲರಿಗೆ ಎಲ್ಲವನ್ನೂ ಹೇಳಿದರು.

ವಕೀಲರಿಗೆ ಆದ ಸಂತೋಷ ಹೇಳತೀರದು. ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಅಳಿಯಂದಿರನ್ನು ಅಡ್ಡಗಟ್ಟಿ ಕೈಹಿಡಿದುಕೊಂಡರು. "ನಮಗೆಲ್ಲ ವಿಷಯ ಗೊತ್ತಾಯ್ತು. ನಿಮ್ಮ ಮೇಲೆ ನನಗೆ ಇಷ್ಟು ಗೌರವ ಇರ್ಲಿಲ್ಲ, ನಿಜ ಹೇಳ್ತೀನಿ."

ಅಳಿಯಂದಿರು ಗಾಬರಿಯಿಂದ ಕೆಳಗೆ ಇಣುಕಿ ನೋಡಿದರು. "ದಯವಿಟ್ಟು ಮಾವನ ಕಿವಿಗೆ ಹಾಕ್ಬೇಡಿ. ಭಾನುವಾರದವರೆಗೆ ಅವರಿಗೆ ಗೊತ್ತಾಗ್ಬಾರದು."

"ನನ್ನ ಬಾಯಿಂದ ಬರಲ್ಲ ಬಿಡಿ. ಒಬ್ಬರೇ ಕೈ ಹಾಕ್ತಿದೀರಾ?"

"ಒಬ್ಬನೇ. ಮೊದಲು ನಿಧಾನಕ್ಕೆ ಚಾರ್ಜ್ ಇಳಿಸಿಬಿಟ್ರೆ ಆಮೇಲೆ ಏನೂ ಮಾಡಲ್ಲ ಅದು."

"ಮತ್ತೆ ಹೊಡೆದ್ರೆ?"

"ಹೊಡಿಯುತ್ತೆ. ಅದಕ್ಕೇ ಒಂದು ಕೈ ಜೇಬಲ್ಲಿ ಇಟ್ಕೊಂಡೇ ಕೆಲಸ ಮಾಡ್ಬೇಕಂತೆ. ತಿಳಿದವರು ಹೇಳಿದಾರೆ."

ಒಂದು ಕೈ ಜೇಬಲ್ಲಿಟ್ಟುಕೊಂಡು ಅಧ್ಯಕ್ಷರನ್ನು ಎದುರಿಸುವ ಈ ಗಂಡನ್ನು ವಕೀಲರು ಬೆರಗಾಗಿ ನೋಡಿದರು. ಇಷ್ಟು ವರ್ಷ ಈ ಮನುಷ್ಯನನ್ನು ಮೆದು ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯೂ ಆಯಿತು.

ಬಾಯಿ ಬಿಡುವುದಿಲ್ಲ ಎಂದ ವಕೀಲರು ಬಿಡಲಿಲ್ಲ, ಟೀಚರಮ್ಮ ಅಂಥ ಮಾತು ಕೊಟ್ಟಿರಲಿಲ್ಲ. ಎರಡು ದಿನದಲ್ಲಿ ಸುದ್ದಿ ನೆಲಮಹಡಿಗೆ ಇಳಿಯಿತು. ಮಾವನವರು ಪೂರ್ತಿ ಕೇಳಿಸಿಕೊಂಡರು. ಊದಿಕೊಂಡು ಕೂತಿದೆ ಎಂಬಲ್ಲಿ ತಮ್ಮ ಹೊಟ್ಟೆ ನೋಡಿಕೊಂಡರು. ಕಿತ್ತುಹಾಕುತ್ತಾನೆ ಎಂಬುದನ್ನೂ ತಡೆದುಕೊಂಡರು. ಟೀಚರಮ್ಮ ಹೋದ ಮೇಲೆ ಒಬ್ಬರೇ ಕೂತು ಫ್ಯಾನಿಗೆ ಹೇಳಿದರು:

"ನೀನು ಅನ್ನೋದಾ ನೀವು ಅನ್ನೋದಾ ಅಂತ ನಾನು ಇಷ್ಟು ವರ್ಷ ತಲೆ ಕೆಡಿಸ್ಕೊಂಡೆ. ಅವನು ನನ್ನ 'ಅದು' ಅಂತಾನಂತೆ."

ಅವರಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಮಗಳು ಕಾಫಿ ತಂದರೆ ಕುಡಿಯಲಿಲ್ಲ, ಏನಾಯಿತು ಎಂದರೆ ಹೇಳಲಿಲ್ಲ. ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು ಇಡೀ ಕಟ್ಟಡಕ್ಕೆ ಕೇಳುವಂತೆ, "ಭಾನುವಾರ ಸಂಘದ ಸಭೆ. ನಮ್ಮ ಮನೇಲೇ. ಎಲ್ಲರೂ ಬರಬೇಕು" ಎಂದರು.

ಮೇಲಿನ ಮನೆಯಲ್ಲಿ ಅಳಿಯಂದಿರು ಅದನ್ನು ಕೇಳಿ, "ಒಳ್ಳೇದಾಯ್ತು, ಎಲ್ಲರೂ ಇರ್ತಾರೆ" ಎಂದು ಕೈ ಉಜ್ಜಿಕೊಂಡರು. ಬೆನ್ನು ಬಿಚ್ಚಿದ ಟೀವಿ ಅವರ ಮುಂದಿತ್ತು. ದೊಡ್ಡ ಕಂಡೆನ್ಸರಿನ ಎರಡು ಕಾಲಿಗೆ ಬಲ್ಬಿನ ತಂತಿ ಮುಟ್ಟಿಸಿದರೆ ಬಲ್ಬು ಒಂದು ಸಲ ಮಿನುಗಿ ಮೆಲ್ಲಗೆ ಆರಿತು. ಚಾರ್ಜ್ ಇಳಿದಿತ್ತು. ಅಳಿಯಂದಿರು ಒಂದು ಕೈ ಜೇಬಿನಲ್ಲಿಟ್ಟುಕೊಂಡರು. ಆದರೆ ಒಂದೇ ಕೈಯಲ್ಲಿ ಬೆಸುಗೆ ಕಡ್ಡಿಯನ್ನೂ ಸೀಸದ ತಂತಿಯನ್ನೂ ಹಿಡಿಯುವುದು ಹೇಗೆಂದು ತಿಳಿದವರು ಹೇಳಿರಲಿಲ್ಲ. ಕೊನೆಗೆ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡರು. ಅಂಗಿಯ ತೋಳು ಸುಟ್ಟಿತು, ಮೇಜಿನ ಬಟ್ಟೆ ಸುಟ್ಟಿತು. ಹೆಂಡತಿ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಭಾನುವಾರ ಬೆಳಗಾಗುವ ಹೊತ್ತಿಗೆ ನಾಲ್ಕೂ ಹೊಸ ಕಂಡೆನ್ಸರುಗಳು ಒಳಗೆ ಕೂತಿದ್ದವು.

ಸಭೆಗೆ ಎಲ್ಲರೂ ಬಂದರು. ಮಾವನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಎದುರಿಗೆ ಸ್ಟೂಲಿನ ಮೇಲೆ ಅಳಿಯಂದಿರು. ನಡುವೆ, ಎಂದಿನಂತೆ, ಮಗಳು ನಿಂತಿದ್ದಳು.

"ಕೇಳಮ್ಮ ನಿನ್ನ ಯಜಮಾನರನ್ನ. ಹಳೇದು ಚಾರ್ಜ್ ಬಿಡ್ತಾ ಇಲ್ಲ ಅಂದಿದ್ದು ನಿಜಾನಾ?"

ಅಳಿಯಂದಿರ ಮುಖ ಬಾಡಿತು. ಗುಟ್ಟು ರಟ್ಟಾಗಿ ಹೋಗಿದೆ. ಹೆಂಡತಿಗೂ ಹಾಗೇ ಅನ್ನಿಸಿ ತುಟಿ ಕಚ್ಚಿದಳು.

"ನಿಜ ಅಂತ ಹೇಳು" ಎಂದರು ಅಳಿಯಂದಿರು.

"ನಿಜವಂತೆ ಅಪ್ಪ."

"ಅವಧಿ ಮುಗಿದಿದೆ ಅಂದಿದ್ದು?"

"ಮುಗಿದಿದೆಯಲ್ಲ, ಮುಚ್ಚಿಡೋದು ಏನಿದೆ ಅಂತ ಹೇಳು."

ವಕೀಲರು ತೊಡೆ ತಟ್ಟಿಕೊಂಡರು.

"ಒಳಗೆ ಸೋರ್ತಿದೆ ಅಂದಿದ್ದು?"

"ಸೋರೋದಷ್ಟೇ ಅಲ್ಲ, ಕೆಟ್ಟ ವಾಸನೆನೂ ಬರ್ತಿತ್ತು ಅಂತ ಹೇಳು."

ಮಾವನವರು ಅರಿವಿಲ್ಲದೆ ತಮ್ಮ ಅಂಗಿಯ ತೋಳನ್ನು ಮೂಗಿಗೆ ಹಿಡಿದು ನೋಡಿದರು. ಮತ್ತೆ ನೆಟ್ಟಗೆ ಕೂತರು. "ಸರಿ. ಈಗ ಏನು ಮಾಡಬೇಕು ಅಂತಿದಾರೆ ಕೇಳು."

"ಮಾಡಿ ಆಯ್ತು ಅಂತ ಹೇಳು. ನಾಲ್ಕರದ್ದೂ ಕಾಲು ಕತ್ತರಿಸಿ ಈಚೆ ಎಳೆದು ಬಿಸಾಕಿದೀನಿ."

ಟೀಚರಮ್ಮ ಸೀರೆಯ ನೆರಿಗೆ ಸರಿಮಾಡಿಕೊಂಡು ಎರಡೂ ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು.

ಮಾವನವರು ಇನ್ನು ತಡೆಯಲಾರದೆ ಸೊಂಟದಿಂದ ಬೀಗದ ಕೈಗಳ ಗೊಂಚಲು ಬಿಚ್ಚಿ ಟೀಪಾಯಿಯ ಮೇಲಿಟ್ಟರು. "ತಗೊಳ್ಳಿ. ಇದು ತಾರಸಿ, ಇದು ಪಂಪು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಪಂಪ್ ಹಾಕಬೇಕು, ಟ್ಯಾಂಕ್ ತುಂಬೋವರೆಗೂ ನಿಂತಿರಬೇಕು. ಕಸದವನು ಬರದಿದ್ರೆ ಅವನ ಮನೆಗೇ ಹೋಗಬೇಕು. ಇಷ್ಟು ದಿನ ನಾನು ಮಾಡಿದೆ. ಇನ್ನು ಯಾರು ಮಾಡ್ತೀರೋ ಮಾಡಿ."

ಗೊಂಚಲು ಅಲ್ಲೇ ಬಿದ್ದಿತ್ತು. ಎಲ್ಲರೂ ಅದನ್ನು ಚೇಳನ್ನು ನೋಡುವ ಹಾಗೆ ನೋಡಿದರು.

"ನನಗೆ ಬೆಳಗಾದ್ರೆ ಕೋರ್ಟು" ಎಂದರು ವಕೀಲರು.

"ನನಗೆ ಪರೀಕ್ಷೆ ಪೇಪರು" ಎಂದರು ಟೀಚರಮ್ಮ. "ನಮ್ಮೆಜಮಾನ್ರಿಗೆ ಬೆಳಿಗ್ಗೆ ಎದ್ರೆ ಶೀತ."

ಕೊನೆಗೆ ಎಲ್ಲರ ಕಣ್ಣೂ ಅಳಿಯಂದಿರ ಮೇಲೆ ನೆಟ್ಟಿತು. ಅಳಿಯಂದಿರು ಗೊಂಚಲನ್ನು ನೋಡಿದರು, ಹೆಂಡತಿಯನ್ನು ನೋಡಿದರು. "ಅದಕ್ಕೆ ಬೀಗದ ಕೈ ಯಾಕೆ? ಶಟರ್ ಎಳೆದ್ರೆ ತಾನೇ ತೆರ್ಕೊಳ್ಳುತ್ತೆ ಅಂತ ಹೇಳು ಅಪ್ಪನಿಗೆ."

"ಯಾವ ಶಟರ್?" ಎಂದರು ಮಾವನವರು ಮಗಳಿಗೆ.

ಮಗಳು ಅಪ್ಪನ ಮುಖ ನೋಡಿದಳು, ಗಂಡನ ಮುಖ ನೋಡಿದಳು, ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಅಪ್ಪ, ನೀವು ಯಾವ ಹಳೇದರ ಮಾತಾಡ್ತಿದೀರಿ?"

"ನಾನೇ. ನನ್ನನ್ನೇ ಅಲ್ವಾ ಹಳೇದು ಅಂತ ಕರೆದಿದ್ದು?"

"ಅಯ್ಯೋ ದೇವರೇ" ಎಂದು ಅವಳು ತಲೆ ಚಚ್ಚಿಕೊಂಡಳು. "ಅದು ನೀವಲ್ಲ ಅಪ್ಪ, ನಿಮ್ಮ ಟೀವಿ. ಹಳೇ ಸಾಮಾನಿನವನಿಗೆ ಕೊಟ್ಟೇ ಇಲ್ಲ ಅದನ್ನ. ಇವರು ಕಂಡೆನ್ಸರ್ ಬದಲಾಯಿಸ್ತಿದ್ರು."

ವಕೀಲರು ಸ್ವಲ್ಪ ನಿರಾಸೆಯಿಂದ, "ಹಾಗಾದ್ರೆ ಹೊಡೆದಿದ್ದು?" ಎಂದರು. "ಕರೆಂಟು" ಎಂದಳು ಅವಳು.

ಆ ವಕೀಲರೇ ಅಳಿಯಂದಿರ ಜೊತೆ ಮೇಲೆ ಹೋಗಿ ಟೀವಿಯನ್ನು ಹೊತ್ತು ತಂದು ಗೋಡೆಗೆ ಒತ್ತಿ ಇಟ್ಟರು. ಅಳಿಯಂದಿರು ಅದನ್ನು ಕನ್ನಡಿಯಂತೆ ಒರೆಸಿದ್ದರು, ಬೆನ್ನಿನ ಹಲಗೆ ಮುಚ್ಚುವುದನ್ನು ಮರೆತಿದ್ದರು. ಮಾವನವರು ಹತ್ತಿರ ಹೋದರು. ಧೂಳು ಇಲ್ಲದಿದ್ದರೂ ಹೆಗಲ ಟವೆಲಿನಿಂದ ಅದರ ನೆತ್ತಿ ಒರೆಸಿದರು. ಅವರ ಕಣ್ಣು ತುಂಬಿತ್ತು, ಅದನ್ನು ಯಾರಿಂದಲೂ ಅವರು ಮುಚ್ಚಿಡಲಿಲ್ಲ.

"ನಿನ್ನ ಯಜಮಾನರಿಗೆ ಹೇಳು" ಎಂದು ಶುರುಮಾಡಿ, ಏನು ಹೇಳಬೇಕೆಂದು ತೋಚದೆ, "ಸ್ವಿಚ್ ಹಾಕೋಕೆ ಹೇಳು" ಎಂದು ಮುಗಿಸಿದರು.

ಅಳಿಯಂದಿರಿಗೆ ನುಂಗಲಾಗದ ನಿರಾಸೆಯಾಯಿತು. ಇಷ್ಟು ಮಾಡಿಯೂ ಮಾತು ಮಗಳ ಮೂಲಕವೇ ಬಂತಲ್ಲ. ಸ್ವಿಚ್ ಹಾಕಿದರು. ಗುಂಯ್ ಎಂದು ಸದ್ದಾಯಿತು. ಪರದೆಯ ನಡುವೆ ಬೆಳಕಿನ ಚುಕ್ಕೆ ಮೂಡಿ ಮೆಲ್ಲಗೆ ಹರಡಿಕೊಂಡಿತು. ಆಮೇಲೆ ಇಡೀ ಪರದೆಯ ಮೇಲೆ ಕಪ್ಪು ಬಿಳಿ ಚುಕ್ಕೆಗಳ ಇರುವೆಗಳು ಹರಿದಾಡತೊಡಗಿದವು.

"ಬಂತು" ಎಂದರು ವಕೀಲರು.

"ಏನು ಬಂತು?" ಎಂದರು ಟೀಚರಮ್ಮ.

ಹಳೆಯ ಆಂಟೆನಾಕ್ಕೆ ಕಾರ್ಯಕ್ರಮ ಕಳಿಸುವವರು ಆ ಕೆಲಸ ನಿಲ್ಲಿಸಿ ವರ್ಷಗಳೇ ಆಗಿವೆ ಎಂಬ ಯೋಚನೆ ಅಳಿಯಂದಿರಿಗೆ ಆಗ ಬಂತು. ಆದರೂ ಯಾರೂ ಎದ್ದು ಹೋಗಲಿಲ್ಲ. ಮಾವನವರು ಗುಂಡಿಯ ಪಕ್ಕದಲ್ಲಿ ನಿಂತಿದ್ದರು, ಉಳಿದವರು ಕೂತು ಮರ್ಯಾದೆಯಿಂದ ಇರುವೆಗಳನ್ನು ನೋಡುತ್ತಿದ್ದರು. ಟೀಚರಮ್ಮನಂತೂ "ಸ್ಪಷ್ಟವಾಗಿದೆ" ಎಂದೂ ಹೇಳಿದರು.

ಅಷ್ಟರಲ್ಲಿ ಢಂ ಎಂದಿತು. ಚಿಕ್ಕ ಕಂಡೆನ್ಸರುಗಳಲ್ಲಿ ಒಂದನ್ನು ಅಳಿಯಂದಿರು ಉಲ್ಟಾ ಕೂರಿಸಿದ್ದರು. ಅದು ಸಿಡಿದು, ಅದರ ಹೊಟ್ಟೆಯೊಳಗಿನ ಕಾಗದದ ಸುರುಳಿ ಹಾರಿ ಟೀಚರಮ್ಮನ ಮಡಿಲಿಗೆ ಬಿತ್ತು. ಪರದೆ ಕಪ್ಪಾಯಿತು, ಹಿಂದಿನಿಂದ ಹೊಗೆ ಎದ್ದಿತು. ಅಳಿಯಂದಿರು ಹಿಂದೆ ಮುಂದೆ ನೋಡದೆ ಎರಡೂ ಕೈಯನ್ನು ಟೀವಿಯ ಬೆನ್ನೊಳಗೆ ಚಾಚಿದರು.

"ಏಯ್, ಕೈ ತೆಗಿ!"

ಕಿಟಕಿಯ ಗಾಜು ಅದುರುವಂಥ ದನಿ. ಮಾವನವರು ಅಳಿಯಂದಿರ ಅಂಗಿಯ ಕಾಲರ್ ಹಿಡಿದು ಹಿಂದಕ್ಕೆ ಎಳೆದಿದ್ದರು. "ನಿನಗೆ ಬುದ್ಧಿಗಿದ್ಧಿ ಇದೆಯೇನಯ್ಯಾ? ಆರಿದ್ರೂ ಚಾರ್ಜ್ ಬಿಡಲ್ಲ ಅದು. ಹಾಳಾಗಿ ಹೋಗ್ಲಿ ಟೀವಿ. ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

ಮಾವನವರು ತಮ್ಮ ಬಾಯಿಂದ ಬಂದದ್ದನ್ನು ಕೇಳಿಸಿಕೊಂಡು ಹಾಗೇ ನಿಂತರು. ಕಾಲರ್ ಮಾತ್ರ ಬಿಟ್ಟಿರಲಿಲ್ಲ.

ಮಗಳಿಗೆ ಅಭ್ಯಾಸಬಲ. ಗಾಬರಿಯಲ್ಲೂ ಗಂಡನ ಕಡೆ ತಿರುಗಿ, "ರೀ, ಕೈ ತೆಗೀಬೇಕಂತೆ, ಅಪ್ಪ ಏನು ಹೇಳ್ತಿದಾರೆ ಅಂದ್ರೆ" ಎಂದು ಶುರುಮಾಡಿದಳು.

"ನೀನು ಸುಮ್ನಿರೇ" ಎಂದರು ಅಳಿಯಂದಿರು. "ನನಗೇ ಹೇಳಿದ್ದು."